ಗಡುವು ಇರುವುದು ನಿಮಗೆ, ಇಲಾಖೆಗಲ್ಲ

ಬ್ರಿಟನ್‌ನಲ್ಲಿರುವ ಕನ್ನಡದ ಓದುಗರ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು. ಮನೆಯವರನ್ನು ನೋಡಿಕೊಳ್ಳುವವರಿಗೆ ಸರ್ಕಾರ ಕೊಡುವ ಕೇರರ್ಸ್ ಅಲೋವೆನ್ಸ್ ನಿಂತಿದೆ, ಕೆಲಸ ಮತ್ತು ಪಿಂಚಣಿ ಇಲಾಖೆಗೆ (ಡಿಡಬ್ಲ್ಯುಪಿ) ಮರುಪರಿಶೀಲನೆ ಕೇಳಿ ಬರೆದಿದ್ದೇವೆ, ಇನ್ನೆಷ್ಟು ದಿನ ಕಾಯಬೇಕು? ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಬರುತ್ತದೆ. ಈ ಸಲ ಅದಕ್ಕೇ ಜಾಸ್ತಿ ಜಾಗ.

ಒಬ್ಬ ಓದುಗರ ಪತ್ರ: ಲೆಸ್ಟರ್‌ನಲ್ಲಿ ಅತ್ತೆಯನ್ನು ನೋಡಿಕೊಳ್ಳುತ್ತೇನೆ. ಅಂಗಡಿಯಲ್ಲಿ ಪಾರ್ಟ್‌ಟೈಮ್ ಕೆಲಸ. ಡಿಸೆಂಬರ್‌ನಲ್ಲಿ ಓವರ್‌ಟೈಮ್ ಮಾಡಿದ್ದಕ್ಕೆ ಸಂಬಳ ಮಿತಿ ಮೀರಿತು ಅಂತ ಹಣ ನಿಲ್ಲಿಸಿದರು. ಮರುಪರಿಶೀಲನೆ ಕೇಳಿ 14 ವಾರ ಆಯಿತು. ನೇರವಾಗಿ ಟ್ರಿಬ್ಯುನಲ್‌ಗೆ ಹೋಗಬಹುದಾ?

ಆಗುವುದಿಲ್ಲ, ತಾಯಿ. 2013ರಿಂದ ಮೊದಲು ಇಲಾಖೆಯಲ್ಲೇ ಮರುಪರಿಶೀಲನೆ, ಆಮೇಲೆ ಟ್ರಿಬ್ಯುನಲ್‌ಗೆ, ಅಂದರೆ ಸ್ವತಂತ್ರ ನ್ಯಾಯಮಂಡಳಿಗೆ, ಅಪೀಲು. ಮರುಪರಿಶೀಲನೆ ಮುಗಿಯಿತು ಎಂಬ ನೋಟಿಸ್ ಕೈಗೆ ಬರಬೇಕು. ಅದನ್ನು ಇಷ್ಟೇ ದಿನದಲ್ಲಿ ಕೊಡಬೇಕು ಅಂತ ಇಲಾಖೆಗೆ ಕಾನೂನಿನ ಗಡುವು ಇಲ್ಲ. ನಿಮಗೆ ಮಾತ್ರ ಒಂದು ತಿಂಗಳು. ಮರುಪರಿಶೀಲನೆ ಕೇಳಲು ಒಂದು ತಿಂಗಳು, ನೋಟಿಸ್ ಬಂದ ಮೇಲೆ ಅಪೀಲಿಗೆ ಮತ್ತೊಂದು ತಿಂಗಳು. ಅದೂ ಪತ್ರದ ಮೇಲಿರುವ ತಾರೀಖಿನಿಂದ, ನಿಮ್ಮ ಬಾಗಿಲಿಗೆ ಬಂದ ದಿನದಿಂದಲ್ಲ. ಇದು ಅನ್ಯಾಯ, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಸ್ಕಾಟ್ಲೆಂಡ್‌ನಲ್ಲಿ ಹೀಗಿಲ್ಲ. ಅಲ್ಲಿ ಇದೇ ನೆರವಿನ ಹೆಸರು ಕೇರರ್ ಸಪೋರ್ಟ್ ಪೇಮೆಂಟ್. ಅದಕ್ಕೆ ಮರುನಿರ್ಧಾರ ಕೇಳಲು ನಿಮಗೆ 42 ದಿನ, ಉತ್ತರ ಕೊಡಲು ಅವರಿಗೆ 56 ದಿನ. ಅವರು ತಡ ಮಾಡಿದರೆ ನೀವು ಅಪೀಲಿಗೆ ಹೋಗಬಹುದು. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು?

ಈಗ ನಿಮ್ಮ ವಿಷಯ. ಫೋನ್ ಮಾಡಿ, ನಿಮ್ಮ ಪತ್ರ ದಾಖಲಾಗಿದೆಯಾ ಅಂತ ಕೇಳಿ. ಮಾತಾಡಿದವರ ಹೆಸರು, ತಾರೀಖು ಬರೆದಿಟ್ಟುಕೊಳ್ಳಿ. ಆಗಲೂ ಕದಲದಿದ್ದರೆ ಲಿಖಿತ ದೂರು ಕೊಡಿ, ನಿಮ್ಮ ಎಂಪಿಗೆ ಬರೆಯಿರಿ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಜನವರಿಯಿಂದ ನಿಮ್ಮ ಸಂಬಳ ಮಿತಿಯೊಳಗೆ ಬಂದಿದೆಯಲ್ವಾ? ಹಾಗಿದ್ದರೆ ಇವತ್ತೇ ಹೊಸ ಅರ್ಜಿ ಹಾಕಿ. ಹಳೆಯ ಜಗಳ ಅದರ ಪಾಡಿಗೆ ನಡೆಯಲಿ. ಹೊಸ ಅರ್ಜಿಗೆ ಹಿಂದಿನ ಹಣ ಸಿಗುವುದು ಹೆಚ್ಚೆಂದರೆ 3 ತಿಂಗಳದ್ದು. 14 ವಾರ ಅಂದರೆ ಅದು ಆಗಲೇ ದಾಟಿದೆ. ಹಳೆಯದರಲ್ಲಿ ಗೆಲ್ಲದಿದ್ದರೆ, ಸುಮ್ನೆ ಕಾಯುತ್ತಾ ಕೂತ ಪ್ರತಿ ವಾರಕ್ಕೂ ಹಣ ಕೈತಪ್ಪುತ್ತಾ ಹೋಗುತ್ತದೆ. 2025-26ರ ದರದಲ್ಲಿ ಅದು ವಾರಕ್ಕೆ 83.30 ಪೌಂಡ್. ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಮಿತಿಯ ಲೆಕ್ಕವನ್ನೂ ನೀವೇ ಮಾಡಿ ನೋಡಿ. 2025-26ರಲ್ಲಿ ವಾರಕ್ಕೆ 196 ಪೌಂಡ್, ಒಂದು ಪೌಂಡ್ ಮೀರಿದರೂ ಆ ವಾರದ ಪೂರ್ತಿ ಹಣ ಹೋಯಿತು. ಆದರೆ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್, ಪೆನ್ಷನ್‌ಗೆ ಕಟ್ಟಿದ್ದರಲ್ಲಿ ಅರ್ಧ, ಇಷ್ಟನ್ನು ಕಳೆದ ಮೇಲೆ ಉಳಿಯುವುದಕ್ಕೆ ಈ ಮಿತಿ. ಸಂಬಳ ಏರುಪೇರಾಗುವವರಿಗೆ ಹಲವು ವಾರಗಳ ಸರಾಸರಿ ಹಿಡಿಯಲು ಅವಕಾಶವಿದೆ. ಈ ಸರಾಸರಿ ವಿಷಯದಲ್ಲಿ ಇಲಾಖೆಯ ಮಾರ್ಗಸೂಚಿಯೇ ತಪ್ಪಿತ್ತು ಅಂತ 2025ರ ನವೆಂಬರ್‌ನಲ್ಲಿ ಸ್ವತಂತ್ರ ಪರಿಶೀಲನೆ ನಡೆಸಿದ ಲಿಜ್ ಸೇಸ್ ಅವರ ವರದಿ ಬಂದ ಮೇಲೆ ಸರ್ಕಾರವೇ ಹಳೆಯ ಪ್ರಕರಣಗಳನ್ನು ಮತ್ತೆ ನೋಡಲು ಒಪ್ಪಿದೆ. ಸಂಬಳದ ಚೀಟಿಗಳನ್ನು ಜೊತೆಗಿಟ್ಟು, ಸರಾಸರಿ ಹಿಡಿಯಿರಿ ಅಂತ ಬರೆದು ಕೊಡಿ.

ಅಪೀಲಿಗೆ ಹೋದರೆ ಇಲಾಖೆ 28 ದಿನದಲ್ಲಿ ಉತ್ತರ ಕೊಡಬೇಕು. ವಿಚಾರಣೆಗೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಎಷ್ಟು ವಾರ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳುವವರನ್ನು ನಂಬಲೂಬೇಡಿ. ಅಷ್ಟರಲ್ಲಿ ವಾರಕ್ಕೆ 20 ಗಂಟೆ ನೋಡಿಕೊಳ್ಳುವವರಿಗೆ ಸಿಗುವ ಕೇರರ್ಸ್ ಕ್ರೆಡಿಟ್‌ಗೆ ಅರ್ಜಿ ಹಾಕಿ. ನಿಮ್ಮ ಪೆನ್ಷನ್ ದಾಖಲೆಯಲ್ಲಿ ಖಾಲಿ ಬೀಳುವುದಿಲ್ಲ.

ಇಲಾಖೆಯ ಕಂದು ಲಕೋಟೆ ಬಂದ ದಿನವೇ ಒಡೆಯಿರಿ. ಹೆಂಡತಿಯನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಒಂದು ಕ್ಯಾರಿಬ್ಯಾಗ್ ತುಂಬಾ ಲಕೋಟೆ ತಂದು ನನ್ನ ಮೇಜಿನ ಮೇಲೆ ಸುರಿದರು. ಎರಡನ್ನು ಒಡೆದೇ ಇರಲಿಲ್ಲ. "ನೋಡಿದರೆ ಭಯ ಆಗುತ್ತೆ ಸಾರ್" ಅಂದರು. ಅವೆರಡರಲ್ಲೊಂದು ಅವರು ಏಳು ತಿಂಗಳು ಕಾದಿದ್ದ ನೋಟಿಸ್. ಅಪೀಲಿನ ಒಂದು ತಿಂಗಳು ಮುಗಿದು ಒಂಬತ್ತು ದಿನ ಆಗಿತ್ತು. ತಡಕ್ಕೆ ಕಾರಣ ಬರೆದು ಕಳಿಸಿದೆವು, ಒಪ್ಪಿದರು. ಎಲ್ಲರಿಗೂ ಒಪ್ಪುತ್ತಾರೆ ಅಂತಿಲ್ಲ.

ಇನ್ನೊಬ್ಬರ ಪ್ರಶ್ನೆ: ಅಮ್ಮನ ಅಟೆಂಡೆನ್ಸ್ ಅಲೋವೆನ್ಸ್ (ನೋಡಿಕೊಳ್ಳುವವರು ಬೇಕಾದ ಹಿರಿಯರಿಗೆ ಸಿಗುವ ನೆರವು) ತಿರಸ್ಕಾರವಾಗಿ ಅಪೀಲಿನಲ್ಲಿದೆ. ಅದಕ್ಕೇ ನನ್ನ ಕೇರರ್ಸ್ ಅಲೋವೆನ್ಸ್ ಕೂಡ ಹೋಯಿತು. ನಾನೂ ಅಪೀಲು ಹಾಕಲಾ?

ಬೇಡ. ಸರಿಯಾಗಬೇಕಿರುವುದು ಅಮ್ಮನ ನಿರ್ಧಾರ, ಪೂರ್ತಿ ಶಕ್ತಿ ಅಲ್ಲಿ ಹಾಕಿ. ಅವರು ಗೆದ್ದ 3 ತಿಂಗಳೊಳಗೆ ನೀವು ಹೊಸದಾಗಿ ಅರ್ಜಿ ಹಾಕಿದರೆ, ಅವರ ಹಣ ಶುರುವಾದ ದಿನದಿಂದಲೇ ನಿಮ್ಮದೂ ಲೆಕ್ಕ. ಮೂರು ತಿಂಗಳು ದಾಟಿಸಬೇಡಿ.

ವಾಟ್ಸ್ಆಪ್ ಗುಂಪಿನಲ್ಲಿ ಒಬ್ಬರು ಬಾಕಿ ಹಣದಲ್ಲಿ ಶೇ 30 ಕೊಟ್ಟರೆ ಬೇಗ ಮಾಡಿಸುತ್ತೇನೆ ಅನ್ನುತ್ತಾರೆ.

ಯಾರಿಂದಲೂ ಸರದಿ ಮುಂದೆ ಹೋಗುವುದಿಲ್ಲ, ಅದು ಮೋಸ. ಟ್ರಿಬ್ಯುನಲ್‌ಗೆ ಶುಲ್ಕವಿಲ್ಲ, ಸಿಟಿಜನ್ಸ್ ಅಡ್ವೈಸ್ ಎಂಬ ಸೇವಾ ಸಂಸ್ಥೆಯವರ ಸಲಹೆ ಉಚಿತ.

ಅಪೀಲು ಹಾಕಿದರೆ ಪೌರತ್ವಕ್ಕೆ ತೊಂದರೆಯಾ?

ಅಪೀಲು ಹಾಕಿದ್ದಕ್ಕೆ ಆಗುವುದಿಲ್ಲ. ಆದರೆ ನಿಮ್ಮ ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂಬ ಷರತ್ತಿದ್ದರೆ, ಅರ್ಜಿಯನ್ನೇ ಹಾಕಬೇಡಿ. ಮೊದಲು ವಲಸೆ ವಕೀಲರನ್ನು ನೋಡಿ.

ವಿಚಾರಣೆಯಲ್ಲಿ ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ನಾನೇ ಅನುವಾದ ಮಾಡಲಾ?

ಬೇಡ. ಕನ್ನಡದ ದುಭಾಷಿ ಬೇಕು ಅಂತ ಅಪೀಲು ಫಾರ್ಮ್‌ನಲ್ಲೇ ಬರೆಯಿರಿ, ಹಣ ಕೇಳುವುದಿಲ್ಲ. ಮಗ ಪಕ್ಕದಲ್ಲಿ ಕೂತರೆ ಅಮ್ಮಂದಿರು "ಎಲ್ಲಾ ನಾನೇ ಮಾಡ್ಕೋತೀನಿ" ಅಂದುಬಿಡುತ್ತಾರೆ. ಬೆಳಿಗ್ಗೆ ಸೀರೆ ಉಡಿಸಿದ್ದು, ಮಾತ್ರೆ ಕೊಟ್ಟಿದ್ದು ನೀವೇ ಆಗಿದ್ದರೂ.