ವೈಫೈ ಐಪ್ಯಾಡ್ ಸಾಕಾ ಅಂತ ಕೇಳಿದ್ದಕ್ಕೆ

ಅಮೆರಿಕದ ಪಾಲೋ ಆಲ್ಟೋದಲ್ಲಿ ಪ್ರೈವೇಟ್ ಪೈಲಟ್ ಟ್ರೈನಿಂಗ್ ಶುರು ಮಾಡಿದ್ದೀರಿ, ವೈಫೈ ಮಾತ್ರ ಇರುವ ಐಪ್ಯಾಡ್ ಸಾಕಾ, ಪ್ಲಾನಿಂಗ್ ಎಲ್ಲ ಲ್ಯಾಪ್‌ಟಾಪಿನಲ್ಲೇ ಮಾಡಬಹುದಾ ಅಂತ ಕೇಳಿದ್ದೀರಿ. ಮನೆಯಲ್ಲಿ ಕೂತು ಪ್ಲಾನ್ ಮಾಡೋಕೆ ಧಾರಾಳವಾಗಿ ಸಾಕು, ಹಾರುವಾಗ ಸಾಲದು. ವೈಫೈ ಮಾಡೆಲ್‌ನಲ್ಲಿ ನೀವು ಎಲ್ಲಿದ್ದೀರಿ ಅಂತ ನಕ್ಷೆಯಲ್ಲಿ ತೋರಿಸೋಕೆ ಬೇಕಾದ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಸೆಲ್ಯುಲರ್ ಮಾಡೆಲ್‌ನಲ್ಲಿ ಇರುತ್ತದೆ, ಸಿಮ್ ಹಾಕದಿದ್ದರೂ ಕೆಲಸ ಮಾಡುತ್ತದೆ. ಹೊಸದು ಬೇಡ ಅಂದರೆ ಬ್ಲೂಟೂತ್ ಜಿಪಿಎಸ್ ಒಂದು ಜೋಡಿಸಿಕೊಳ್ಳಿ.

ನಾನು ಹಿಂದಿನ ರಾತ್ರಿ ಲ್ಯಾಪ್‌ಟಾಪಿನಲ್ಲೇ ರೂಟ್ ಹಾಕುತ್ತೇನೆ, ದೊಡ್ಡ ಸ್ಕ್ರೀನ್ ಅಲ್ವಾ. ಸ್ಕೈವೆಕ್ಟರ್ ಅನ್ನೋ ಪ್ಲಾನಿಂಗ್ ಸೈಟ್ ಬ್ರೌಸರಿನಲ್ಲಿ ಪುಕ್ಕಟೆ ಸಿಗುತ್ತದೆ. ಫೋರ್‌ಫ್ಲೈಟ್ ಅನ್ನೋ ಆ್ಯಪ್ ದುಡ್ಡಿನದು, ಆದರೆ ವೆಬ್‌ನಲ್ಲಿ ಮಾಡಿದ ಪ್ಲಾನ್ ಐಪ್ಯಾಡಿಗೆ ತಾನಾಗಿ ಬರುತ್ತದೆ. ಆಂಡ್ರಾಯ್ಡ್‌ನವರಿಗೆ ಅದಿಲ್ಲ, ಅವರು ಗಾರ್ಮಿನ್ ಪೈಲಟ್ ಅನ್ನೋ ಆ್ಯಪ್ ನೋಡಬಹುದು. ಹೊರಡುವ ಮುಂಚೆ ನಕ್ಷೆಗಳನ್ನೆಲ್ಲ ಡೌನ್‌ಲೋಡ್ ಮಾಡಿ. ಸೆಕ್ಷನಲ್ ಚಾರ್ಟ್ (ಪೈಲಟ್ ಬಳಸುವ ನಕ್ಷೆ) 56 ದಿನಕ್ಕೊಮ್ಮೆ ಬದಲಾಗುತ್ತದೆ.

ಆ್ಯಪ್ ತೋರಿಸುವ ಇಂಧನದ ಲೆಕ್ಕವನ್ನು ಮಾತ್ರ ಸುಮ್ನೆ ನಂಬಬೇಡಿ. ವಿಮಾನದ ವೇಗ, ಗಂಟೆಗೆ ಎಷ್ಟು ಗ್ಯಾಲನ್ ಅಂತ ನೀವೇ ತುಂಬಿದ್ದು ತಪ್ಪಾದರೆ ಅದೂ ತಪ್ಪೇ ಹೇಳುತ್ತದೆ. ವಿಎಫ್‌ಆರ್‌ನಲ್ಲಿ (ಹೊರಗೆ ಕಣ್ಣಲ್ಲಿ ನೋಡಿಕೊಂಡು ಹಾರುವ ನಿಯಮ) ಹಗಲು 30 ನಿಮಿಷ, ರಾತ್ರಿ 45 ನಿಮಿಷ ಹಾರುವಷ್ಟು ಇಂಧನ ರಿಸರ್ವ್ ಆಗಿ ಉಳಿದಿರಬೇಕು. ನಾನಂತೂ ಯಾವಾಗಲೂ ಒಂದು ಗಂಟೆ ಇಟ್ಟುಕೊಳ್ಳುತ್ತೇನೆ.

ಇನ್ನೊಂದು. ಜುಲೈನಲ್ಲಿ ಫ್ರೆಸ್ನೋ ಕಡೆ ಹೋಗುವಾಗ ನನ್ನ ಟ್ಯಾಬ್ ಬಿಸಿಲಿಗೆ ಕಾದು ಆಫ್ ಆಯಿತು, ಗಾಜಿನ ಹತ್ತಿರ ಇಟ್ಟಿದ್ದು ನನ್ನದೇ ತಪ್ಪು. ತೊಡೆ ಮೇಲೆ ಪೆನ್ಸಿಲಿನಲ್ಲಿ ಬರೆದ ನ್ಯಾವ್ ಲಾಗ್ (ದಾರಿ, ದಿಕ್ಕು, ಸಮಯ ಬರೆದ ಹಾಳೆ) ಇತ್ತು, ಅದನ್ನೇ ನೋಡಿಕೊಂಡು ಕೆಳಗೆ ಕಾಣುವ ಹೈವೇ 99 ಹಿಡಿದು ಹೋದೆ.