ಎದೆಗೆ ಆಪರೇಷನ್ ಆಯ್ತು, ಭುಜದ ಹಳೆ ನೋವನ್ನು ಯಾರಿಗೂ ಹೇಳಲಿಲ್ಲ

ನನ್ನ ಹತ್ತಿರ ಬಂದ ಈ ಮಹಿಳೆಗೆ ಐವತ್ತರ ಆಸುಪಾಸು. ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಅಕ್ಕ ಅಂತ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ವಾಲ್ವ್ ಹಾಳಾಗಿತ್ತು. ಎದೆಮೂಳೆ ತೆರೆದು ಲೋಹದ ವಾಲ್ವ್ ಹಾಕಿದ್ದರು. ಮೂರನೇ ವಾರ ಮಗ ನನ್ನ ಹತ್ತಿರ ಕರೆದುಕೊಂಡು ಬಂದ. "ಅಮ್ಮ ನಿದ್ದೆ ಮಾಡಲ್ಲ, ಸರಿಯಾಗಿ ನೀರು ಕುಡಿಯಲ್ಲ, ಸುಮ್ನೆ ಅಳ್ತಾರೆ" ಅಂದ.

ದೊಡ್ಡ ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗುವುದು ಸಾಮಾನ್ಯ. ಆದರೆ ಮಾತಿನ ಮಧ್ಯೆ ಅಕ್ಕನ ಸೆರಗು ಜಾರಿತು. ಬಲಗೈ ಮಡಿಲಿಂದ ಮೇಲೇಳಲೇ ಇಲ್ಲ. ಎಡಗೈಯಲ್ಲಿ ಎಳೆದುಕೊಳ್ಳಲು ಹೋಗಿ ಮುಖ ಕಿವುಚಿದರು.

"ಆ ಭುಜಕ್ಕೆ ಏನಾಗಿದೆ ಅಕ್ಕ?"

"ಅದು ಹಳೇದು ಬಿಡಿ ಮೇಡಂ. ಹಾರ್ಟ್ ಆಪರೇಷನ್ ಆದವಳು ಭುಜದ ಕಥೆ ಹೇಳ್ಕೊಂಡು ಕೂರಕ್ಕಾಗುತ್ತಾ?"

ವರ್ಷಗಳ ಹಿಂದೆ ಮೊಪೆಡ್‌ನಿಂದ ಬಿದ್ದಿದ್ದರಂತೆ. ಅಂದಿನಿಂದ ಬಲಭುಜ ಪೂರ್ತಿ ಮೇಲೇಳುವುದಿಲ್ಲ. ಅದೇ ಬೀಳುವಿಕೆಯಲ್ಲಿ ಮುರಿದ ಎಡ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿದೆ. ಆಸ್ಪತ್ರೆಯಲ್ಲಿ ಇದನ್ನು ಯಾರಿಗೂ ಹೇಳಿರಲಿಲ್ಲ.

ಆಗ ಎಲ್ಲವೂ ಒಂದಕ್ಕೊಂದು ಕೂಡಿ ಬಂತು. ಮೊದಲೆಲ್ಲ ಎಡ ಮಗ್ಗುಲಲ್ಲಿ ಮಲಗುತ್ತಿದ್ದರು. ಈಗ ಅಂಗಾತ ಮಲಗಬೇಕು, ಬಲಭುಜ ರಾತ್ರಿಯಿಡೀ ಎಳೆಯುತ್ತದೆ. ಕೈ ಊರಿ ಏಳಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಹಾಗಾಗಿ ರಾತ್ರಿ ಬಾತ್‌ರೂಮಿಗೆ ಹೋಗಲು ಸೊಸೆಯನ್ನು ಎಬ್ಬಿಸಬೇಕು. ಎಬ್ಬಿಸಲು ಸಂಕೋಚ. ಅದಕ್ಕೇ ಸಂಜೆಯಿಂದ ನೀರು ಬಿಟ್ಟಿದ್ದರು.

ಅಕ್ಕನ ಚೀಲದಲ್ಲಿ ಇನ್ನೊಂದು ವಿಷಯ ಇತ್ತು. ಭುಜಕ್ಕೆಂದು ಮೆಡಿಕಲ್ ಶಾಪಿನಿಂದ ತಂದ ಡೈಕ್ಲೊಫೆನಾಕ್ ಮಾತ್ರೆ. ವರ್ಷಗಳಿಂದ ನುಂಗುತ್ತಿದ್ದದ್ದೇ, ಹೊಸದೇನಲ್ಲ. ಆದರೆ ಲೋಹದ ವಾಲ್ವ್ ಹಾಕಿದವರು ಜೀವನಪರ್ಯಂತ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳಬೇಕು. ಅದರ ಜೊತೆ ಈ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು. ನಾನು ಡಾಕ್ಟರ್ ಅಲ್ಲ, ಮಾತ್ರೆ ಬದಲಿಸುವುದು ನನ್ನ ಕೆಲಸವೂ ಅಲ್ಲ. ಅಲ್ಲೇ ಕೂರಿಸಿ ಮಗನಿಂದ ಸರ್ಜನ್‌ಗೆ ಫೋನ್ ಮಾಡಿಸಿದೆ. ಅವರು ಡೈಕ್ಲೊಫೆನಾಕ್ ಕೂಡಲೇ ನಿಲ್ಲಿಸಿ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ) ರಕ್ತಪರೀಕ್ಷೆ ಮಾಡಿಸಲು ಹೇಳಿ, ನೋವಿಗೆ ಬೇರೆ ಮಾತ್ರೆ ಬರೆದರು. ರಕ್ತ ತೆಳು ಮಾಡುವ ಮಾತ್ರೆಯನ್ನು ಮಾತ್ರ ತಾನಾಗಿ ಒಂದು ದಿನವೂ ಬಿಡಬಾರದು. ಅದನ್ನು ಅಕ್ಕನಿಗೆ ಎರಡೆರಡು ಸಲ ಹೇಳಿದೆ. ನೋವಿನ ಮುಲಾಮು, ನಾಟಿ ಔಷಧಿ, ಏನೇ ಇರಲಿ, ಕೇಳಿಯೇ ಹಚ್ಚಿ, ಕೇಳಿಯೇ ನುಂಗಿ ಅಂತಲೂ ಹೇಳಿದೆ.

ಮುಂದಿನ ಭೇಟಿಗೆ ಫಿಸಿಯೋಥೆರಪಿಸ್ಟ್ ಕೂಡ ಜೊತೆಗಿದ್ದರು. ಅಕ್ಕನ ತಲೆಯಲ್ಲಿ ಒಂದು ತಪ್ಪು ತಿಳಿವಳಿಕೆ ಕೂತಿತ್ತು: ಭಾರ ಎತ್ತಬಾರದು ಅಂದರೆ ಕೈಯನ್ನೇ ಆಡಿಸಬಾರದು. ಎದೆಮೂಳೆಯನ್ನು ತಂತಿಯಿಂದ ಬಿಗಿದಿರುತ್ತಾರೆ. ಒಂದು ಮಟ್ಟಕ್ಕೆ ಕೂಡಲು 6ರಿಂದ 8 ವಾರ, ಗಟ್ಟಿಯಾಗಲು ಸುಮಾರು 3 ತಿಂಗಳು ಬೇಕು. ಅಷ್ಟು ದಿನ ಕೈ ಕಟ್ಟಿ ಕೂತರೆ ಮೊದಲೇ ಪೆಟ್ಟಾದ ಭುಜ ಹಿಡಿದುಕೊಂಡುಬಿಡುತ್ತದೆ. ಮೊಣಕೈ ಪಕ್ಕೆಗೆ ತಾಗಿಸಿಕೊಂಡು ಊಟ ಮಾಡಬಹುದು, ತಲೆ ಬಾಚಿಕೊಳ್ಳಲು ಪ್ರಯತ್ನಿಸಬಹುದು. ಭುಜ ನಿಧಾನಕ್ಕೆ ತಿರುಗಿಸಬಹುದು. ಕೈ ಎತ್ತುವುದಾದರೆ ಎರಡನ್ನೂ ಒಟ್ಟಿಗೆ, ನೋವು ಬರುವ ಮಟ್ಟದವರೆಗೆ ಮಾತ್ರ. ಒಂದೇ ಕೈಯಲ್ಲಿ ಎಳೆಯುವುದು, ತಳ್ಳುವುದು, ಹಿಂದಕ್ಕೆ ಚಾಚುವುದು ಬೇಡ. ಮನೆಯವರು ಭುಜಕ್ಕೆ ಎಣ್ಣೆ ಹಚ್ಚಿ ಕೈ ಎಳೆದು ನೆಟಿಕೆ ತೆಗೆಯುತ್ತಿದ್ದರಂತೆ. ಅದನ್ನು ಪೂರ್ತಿ ನಿಲ್ಲಿಸಿದೆವು.

ಏಳುವುದನ್ನು ಅಕ್ಕ ನನ್ನ ಎದುರೇ ಕಲಿತರು. ಕುರ್ಚಿಯ ಅಂಚಿಗೆ ಜರುಗಬೇಕು. ಪಾದ ಸ್ವಲ್ಪ ಹಿಂದಕ್ಕೆ. ಕೈ ಎರಡೂ ಎದೆಯ ಮೇಲೆ. ಮುಂದಕ್ಕೆ ಬಾಗಿ ಕಾಲಿನ ಬಲದಲ್ಲೇ ಎದ್ದು ನಿಲ್ಲಬೇಕು. ಮೊದಲ ಸಲ ಆಗಲಿಲ್ಲ. ಕುರ್ಚಿಯ ಮೇಲೆ ಜಮಖಾನ ಮಡಿಸಿ ಹಾಕಿ ಎತ್ತರ ಮಾಡಿದಾಗ ಎದ್ದೇಬಿಟ್ಟರು. ಸೊಸೆ ಅದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು. ಮನೆಯಲ್ಲಿ ಚಾಪೆ ಬಿಟ್ಟು ಎತ್ತರದ ಮಂಚ, ಬಾತ್‌ರೂಮಿಗೆ ಕಮೋಡ್ ಕುರ್ಚಿ, ಬಲಗೈ ಕೆಳಗೊಂದು ದಿಂಬು, ಕೆಮ್ಮುವಾಗ ಎದೆಗೆ ಅವುಚಿಕೊಳ್ಳಲು ಇನ್ನೊಂದು ದಿಂಬು.

ನೋವನ್ನು ಬೇರೆ ಬೇರೆಯಾಗಿ ಹೇಳಿ ಅಂತಲೂ ಕೇಳಿಕೊಂಡೆ. ಎದೆಯದ್ದು ಎಷ್ಟು, ಭುಜದ್ದು ಎಷ್ಟು, ಮಣಿಕಟ್ಟಿನದು ಎಷ್ಟು. ಎಲ್ಲ ಸೇರಿಸಿ "ನೋವು" ಅಂದುಬಿಟ್ಟರೆ ಡಾಕ್ಟರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಎದೆಮೂಳೆ ಅಲುಗಿದಂತೆ ಟಕ್ ಅಂತ ಸದ್ದು ಬಂದರೆ, ಗಾಯ ಕೆಂಪಾಗಿ ಸೋರಿದರೆ, ಜ್ವರ ಬಂದರೆ, ಎಲ್ಲಾದರೂ ರಕ್ತ ಕಂಡರೆ ಮಾರನೇ ದಿನಕ್ಕೆ ಕಾಯಬಾರದು.

ನಿಜವಾದ ಅಳು ಬಂದದ್ದು ಮೂರನೇ ಭೇಟಿಯಲ್ಲಿ, ಸಂಬಳದ ಮಾತು ಎತ್ತಿದಾಗ. "ಈ ಕೈಯಿಂದಲೇ ಮನೆ ನಡೆದದ್ದು ಮೇಡಂ." ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅವರ ಮಾತು ನಿಜವೇ ಆಗಿತ್ತು. ಅತ್ತು ಮುಗಿಯಲಿ ಅಂತ ಕೂತೆ. ಆಮೇಲೆ ಚೀಲದಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಹೊರಗೆ ತೆಗೆಸಿದೆ. ಕಂತು ಸರಿಯಾಗಿ ಕಟ್ಟಿದ್ದರೆ ಕಾಯಿಲೆಯ ರಜೆಗೆ ವರ್ಷದಲ್ಲಿ 91 ದಿನದವರೆಗೆ ಕೂಲಿಯ 70 ಶೇಕಡಾ ಸಿಗುತ್ತದೆ. ಮಗನಿಗೆ ಇದು ಗೊತ್ತೇ ಇರಲಿಲ್ಲ.

ಆರನೇ ವಾರಕ್ಕೆ ಅಕ್ಕ ರಾತ್ರಿ ಯಾರನ್ನೂ ಎಬ್ಬಿಸದೆ ಏಳುತ್ತಿದ್ದರು. ನಿದ್ದೆ ಪೂರ್ತಿ ಸರಿಹೋಗಿಲ್ಲ. ಭುಜವೂ ಮೊದಲಿನಷ್ಟೇ ಮೇಲೇಳುತ್ತದೆ, ಹೆಚ್ಚಿಲ್ಲ. ಆದರೆ ಕಡಿಮೆಯೂ ಆಗಿಲ್ಲ, ನನಗೆ ಅದೇ ದೊಡ್ಡದು. ಸರ್ಜನ್ ಒಪ್ಪಿದ ಮೇಲೆ ಮೂಳೆ ಡಾಕ್ಟರಿಗೆ ಭುಜ ತೋರಿಸುವುದು ಬಾಕಿ ಇದೆ. ಕೆಲಸಕ್ಕೆ ಮರಳುವಾಗ ಬಂಡಲ್ ಎತ್ತಿಸಬಾರದು, ಭುಜಕ್ಕಿಂತ ಮೇಲೆ ಕೈ ಚಾಚುವ ಕೆಲಸ ಕೊಡಬಾರದು ಅಂತ ಚೀಟಿ ಬರೆಸಿಕೊಳ್ಳಲು ಹೇಳಿದ್ದೇನೆ. ಎದೆಯ ವಿಷಯದ ಜೊತೆ ಭುಜ, ಮಣಿಕಟ್ಟಿನ ಹೆಸರೂ ಆ ಚೀಟಿಯಲ್ಲಿ ಇರಬೇಕು.