ತೂಕ ಇಳಿಸಲು ಊಟ ಬದಲಿಸಿದ ಮೇಲೆ ಹೊಟ್ಟೆ ಉಬ್ಬರ, ಬಿಟ್ಟುಬಿಡಬೇಕಾ?

ಎರಡು ವಾರದಿಂದ ಅನ್ನ ಬಿಟ್ಟು ಓಟ್ಸ್, ಮೊಳಕೆ ಕಾಳು, ಹಸಿ ತರಕಾರಿ, ಪ್ರೋಟೀನ್ ಪುಡಿ ಶುರು ಮಾಡಿದ್ದೀರಿ. ಈಗ ಹೊಟ್ಟೆ ಉಬ್ಬರ, ರಾತ್ರಿಯೆಲ್ಲ ಗುಡುಗುಡು. ಇದು ಮಾಮೂಲಾ, ಎಲ್ಲ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ, ಅರ್ಧಕ್ಕೆ ಇಳಿಸಿ. ನಾನು ಡಾಕ್ಟರಲ್ಲ. ಕೊಡಗಿನ ಗೋಣಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಕೆಲಸ ನೋಡಿಕೊಂಡು ಲೆಕ್ಕ ಬರೆಯುವವನು. ಇದೇ ಪಾಡು ಪಟ್ಟವನು, ಅಷ್ಟೇ.

ಕಳೆದ ವರ್ಷ ಮೇ ತಿಂಗಳಲ್ಲಿ ಒಂದರ ಹಿಂದೆ ಒಂದು ಮದುವೆ. ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಉಂಡೆ), ನೂಪುಟ್ಟು (ಅಕ್ಕಿ ಶ್ಯಾವಿಗೆ), ಯಾವುದಕ್ಕೂ ಬೇಡ ಅನ್ನಲಿಲ್ಲ. ಜೂನ್‌ನಲ್ಲಿ ತೂಕ ನೋಡಿದರೆ 86 ಕೆಜಿ. ರೈಟರ್ ಅಂದರೆ ದಿನವೆಲ್ಲ ತೋಟ ಸುತ್ತುತ್ತಾನೆ ಅಂತ ಜನ ತಿಳಿದಿದ್ದಾರೆ. ನಾನು ಸುತ್ತುವುದು ಬೈಕಿನಲ್ಲಿ. ವಾಕಿಂಗ್ ಹೋಗೋಣ ಅಂದರೆ ನಮ್ಮ ಕಡೆ ಜೂನ್ ಮಳೆ ಹೇಗಿರುತ್ತದೆ ಅಂತ ಗೊತ್ತಲ್ಲ, ಮಳೆ ಜೊತೆಗೆ ಜಿಗಣೆ ಬೇರೆ. ಕೊನೆಗೆ ಊಟಕ್ಕೇ ಕತ್ತರಿ ಹಾಕಿದೆ.

ಎಲ್ಲವನ್ನೂ ಒಂದೇ ಸೋಮವಾರ ಬದಲಿಸಿದೆ. ಬೆಳಗ್ಗೆ ಅಕ್ಕಿ ರೊಟ್ಟಿ ಹೋಗಿ ದೊಡ್ಡ ಬಟ್ಟಲು ಓಟ್ಸ್ ಬಂತು. ಮಧ್ಯಾಹ್ನ ಮೊಳಕೆ ಹೆಸರುಕಾಳು ಮತ್ತು ಹಸಿ ಎಲೆಕೋಸು. ರಾತ್ರಿ ರಾಜ್ಮಾ. ಎದ್ದ ಕೂಡಲೇ ಬಿಸಿನೀರಿಗೆ ಒಂದು ಚಮಚ ಕಾಚಂಪುಳಿ, ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿ. ಹಸಿವಾದರೆ ಬೆಲ್ಲ ಹಾಕದ ಕರಿಕಾಫಿ. ಮೊದಲ ವಾರವೇ ಮೂರು ಕೆಜಿ ಇಳಿಯಿತು. ಅದರಲ್ಲಿ ಹೆಚ್ಚಿನದು ನೀರು ಅಂತ ಆಮೇಲೆ ತಿಳಿಯಿತು. ಎರಡನೇ ವಾರ ಪ್ಯಾಂಟಿನ ಗುಂಡಿಯೇ ಹಾಕಲಾಗಲಿಲ್ಲ. ತೂಕ ಕಮ್ಮಿ, ಸೊಂಟ ಜಾಸ್ತಿ! ಒಂದು ರಾತ್ರಿ ಕರೆಂಟ್ ಇಲ್ಲ, ಹೊರಗೆ ಧೋ ಅಂತ ಮಳೆ, ಎದೆಯಲ್ಲಿ ಬೆಂಕಿ ಇಟ್ಟ ಹಾಗೆ ಉರಿ. ಹೆಂಡತಿ ಹೆದರಿ ಆ ಮಳೆಯಲ್ಲೇ ಆಸ್ಪತ್ರೆಗೆ ಹೊರಡಿಸಿದಳು.

ಇಸಿಜಿ ಸರಿಯಿತ್ತು. ಡಾಕ್ಟರು ತಿಂದಿದ್ದು ಕುಡಿದಿದ್ದು ಒಂದೂ ಬಿಡದೆ ಹೇಳಿ ಅಂದರು. ಕಾಚಂಪುಳಿಗೆ ಬಂದಾಗ ಪೆನ್ನು ಕೆಳಗಿಟ್ಟರು. "ಪಂದಿ ಬೇಯಿಸೋ ಹುಳಿಯನ್ನು ಬರಿ ಹೊಟ್ಟೆಗೆ ಯಾಕ್ರೀ ಹಾಕ್ತೀರಿ?"

ಉಬ್ಬರದ ಲೆಕ್ಕ ಇಷ್ಟೇ. ಬಿಳಿ ಅಕ್ಕಿಯ ರೊಟ್ಟಿ, ಪುಟ್ಟು, ಅನ್ನದಲ್ಲಿ ನಾರು ತೀರಾ ಕಮ್ಮಿ. 100 ಗ್ರಾಂ ಓಟ್ಸಿನಲ್ಲಿ ಸುಮಾರು 10 ಗ್ರಾಂ ನಾರು ಇರುತ್ತದೆ, ಒಂದು ಬಟ್ಟಲು ಬೆಂದ ರಾಜ್ಮಾದಲ್ಲೂ ಹೆಚ್ಚುಕಮ್ಮಿ ಅಷ್ಟೇ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಅನ್ನುತ್ತಾರೆ, ಅದು ಸರಿಯೇ. ಆದರೆ ವರ್ಷಗಟ್ಟಲೆ ಅದರ ಅರ್ಧವೂ ಕಾಣದ ಕರುಳಿಗೆ ಒಂದೇ ದಿನ ಅಷ್ಟನ್ನೂ ಸುರಿದರೆ? ಕಾಳುಗಳಲ್ಲಿರುವ ಕೆಲವು ಬಗೆಯ ಸಕ್ಕರೆಯನ್ನು ಒಡೆಯುವ ಶಕ್ತಿ ನಮ್ಮ ಹೊಟ್ಟೆಗೆ ಇಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಗ್ಯಾಸ್ ಮಾಡುತ್ತವೆ. ನಿಧಾನಕ್ಕೆ ಜಾಸ್ತಿ ಮಾಡುತ್ತಾ ಹೋದರೆ ಕೆಲವು ವಾರದಲ್ಲಿ ಹೆಚ್ಚಿನವರ ಹೊಟ್ಟೆ ಒಗ್ಗಿಕೊಳ್ಳುತ್ತದೆ. ನೀರು ಮಾತ್ರ ಸಾಕಷ್ಟು ಕುಡಿಯಬೇಕು, ಇಲ್ಲದಿದ್ದರೆ ಅದೇ ನಾರು ಮಲಬದ್ಧತೆ ತರುತ್ತದೆ. ಮಳೆಗಾಲದಲ್ಲಿ ಬಾಯಾರಿಕೆಯೇ ಆಗದ ನಮಗೆ ಇದು ಮರೆತೇ ಹೋಗುತ್ತದೆ.

ನಾನು ಮಾಡಿದ್ದು ಹೇಳುತ್ತೇನೆ. ಬೆಳಗ್ಗೆ ಒಂದು ಅಕ್ಕಿ ರೊಟ್ಟಿ ವಾಪಸ್ ಬಂತು, ಓಟ್ಸ್ ವಾರಕ್ಕೆ ಎರಡೇ ದಿನ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿದೆವು. ಮೊಳಕೆ ಬಂದರೂ ಹಸಿಯಾಗಿ ತಿನ್ನಲಿಲ್ಲ. ಕಣಿಲೆಯನ್ನು (ಎಳೆ ಬಿದಿರನ್ನು) ದಿನಗಟ್ಟಲೆ ನೆನೆಹಾಕಿ ನೀರು ಬದಲಿಸುವ ಊರಿನವನಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಯಿತು ನೋಡಿ! (ಕಣಿಲೆಯದು ವಿಷ ತೆಗೆಯೋದಕ್ಕೆ, ಕಾಳಿನದು ಗ್ಯಾಸ್ ಕಮ್ಮಿ ಮಾಡೋದಕ್ಕೆ, ಕಾರಣ ಬೇರೆ.) ಎಲೆಕೋಸು ಪಲ್ಯವಾಯಿತು. ರಾಜ್ಮಾ ಮೊದಲು ಅರ್ಧ ಸೌಟು, ಮುಂದಿನ ವಾರ ಒಂದು ಸೌಟು. ಸುಮಾರು ಹತ್ತು ದಿನದಲ್ಲಿ ಗುಡುಗುಡು ನಿಂತಿತು.

ಕಾಚಂಪುಳಿ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಈಗ ಇದನ್ನು ತೂಕ ಇಳಿಸುವ ಮದ್ದು ಅಂತ ಹೊರಗಿನವರಿಗೂ ಮಾರುತ್ತಿದ್ದಾರೆ. ಪಣಪುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿದರೆ ಕಾಚಂಪುಳಿ. ಉತ್ತರ ಕನ್ನಡದ ಕಡೆ ಆ ಹಣ್ಣಿಗೆ ಉಪ್ಪಾಗೆ ಅನ್ನುತ್ತಾರೆ. ಗಾರ್ಸಿನಿಯಾ ಕ್ಯಾಂಬೋಜಿಯಾ ಅಂತ ಡಬ್ಬದಲ್ಲಿ ಬರುವ ಮಾತ್ರೆಯೂ ಇದೇ ಹಣ್ಣಿನ ಸಿಪ್ಪೆಯಿಂದ. 1998ರಲ್ಲಿ ಅಮೆರಿಕದ ವೈದ್ಯ ಪತ್ರಿಕೆ ಜಾಮಾದಲ್ಲಿ ಒಂದು ಪರೀಕ್ಷೆಯ ಫಲ ಬಂತು. 135 ಜನ, 12 ವಾರ. ನಿಜವಾದ ಮಾತ್ರೆ ತಿಂದವರಿಗೂ ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರಿಗೂ ತೂಕ ಇಳಿದಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಮಾತ್ರೆ ತಿಂದು ಲಿವರ್ ಕೆಟ್ಟ ವರದಿಗಳೂ ಇವೆ. ಅಡುಗೆಗೆ ಒಂದು ಚಮಚ ಬೀಳುವುದು ಬೇರೆ ಮಾತು, ನಮ್ಮಜ್ಜಂದಿರೂ ತಿಂದಿದ್ದಾರೆ. ಆದರೆ ಬರಿ ಹೊಟ್ಟೆಗೆ ಆ ಹುಳಿ, ಅದರ ಮೇಲೆ ಮೂರು ಲೋಟ ಕರಿಕಾಫಿ, ಎದೆ ಉರಿಯದೆ ಇನ್ನೇನಾಗುತ್ತದೆ? ನೀವು ಕಾಚಂಪುಳಿ ಕುಡಿಯದಿದ್ದರೂ ನಿಂಬೆರಸವೋ ಆಪಲ್ ಸೈಡರ್ ವಿನೆಗರೋ ಕುಡಿಯುತ್ತಿದ್ದರೆ ಇದೇ ಮಾತು.

ಎಲ್ಲ ನೋವನ್ನೂ ಗ್ಯಾಸ್ ಅಂತ ತಳ್ಳಿಹಾಕಬೇಡಿ. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿಯುತ್ತಾ ಹೋದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. ಜಿಡ್ಡಿನ ಊಟದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುವ ಹಾಗೆ ನೋವು ಬಂದು ಬೆನ್ನಿಗೋ ಹೆಗಲಿಗೋ ಹೋದರೆ ಸ್ಕ್ಯಾನ್ ಮಾಡಿಸಿ. ಮಲದಲ್ಲಿ ರಕ್ತ, ಟಾರಿನಂಥ ಕಪ್ಪು ಮಲ, ಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿ, ಇದರಲ್ಲಿ ಒಂದಿದ್ದರೂ ಕಾಯಬೇಡಿ, ಅವತ್ತೇ ಹೋಗಿ. ಎದೆನೋವಿನ ಜೊತೆ ಬೆವರು, ಉಸಿರಾಟಕ್ಕೆ ಕಷ್ಟ, ಎಡಗೈ ಸೆಳೆತ ಇದ್ದರಂತೂ ಆ ಕ್ಷಣವೇ ಹೋಗಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಾದರೆ ಅನ್ನ ಬಿಡುವ ಮುಂಚೆಯೇ ಡಾಕ್ಟರಿಗೆ ಹೇಳಿ, ಶುಗರ್ ಇಳಿದುಬಿಡಬಹುದು.

ಪ್ರೋಟೀನ್ ಪುಡಿ ಯಾವುದು ಅಂತ ನೀವು ಬರೆದಿಲ್ಲ. ಡಬ್ಬದ ಹಿಂದೆ ವೇ ಕಾನ್ಸಂಟ್ರೇಟ್ ಅಂತ ಇದ್ದರೆ ಅದರಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಹಾಲು ಕುಡಿದರೆ ಹೊಟ್ಟೆ ಕೆಡುವವರಿಗೆ ಇದೂ ಆಗುವುದಿಲ್ಲ. ಸಕ್ಕರೆ ಬದಲಿಗೆ ಹಾಕುವ ಸಾರ್ಬಿಟಾಲ್, ಮಾಲ್ಟಿಟಾಲ್ ಅಂತ ಇದ್ದರೆ ಅವೂ ಉಬ್ಬರ, ಭೇದಿ ತರುತ್ತವೆ. ಶುಗರ್ ಫ್ರೀ ಚೂಯಿಂಗ್ ಗಮ್‌ನಲ್ಲೂ ಇವೇ ಇರುತ್ತವೆ. ಮೊದಲು ಪುಡಿಯೊಂದನ್ನೇ ನಾಲ್ಕು ದಿನ ನಿಲ್ಲಿಸಿ ನೋಡಿ, ಉಳಿದಿದ್ದು ಅರ್ಧಕ್ಕೆ ಇರಲಿ. ಏನಾಯಿತು ಅಂತ ಇಲ್ಲೇ ಬರೆಯಿರಿ.